ಸಹಿ ಹಾಕಿದ ಮರುದಿನ

ಆಷಾಢದ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಆಟೋರಿಕ್ಷಾದಿಂದ ಕಾಳಿಯನ್ನು ಇಳಿಸಿಕೊಂಡೆವು. ಬೀದಿಯಲ್ಲಿ ಹುಟ್ಟಿ, ಅಪಘಾತದಲ್ಲಿ ಹಿಂಗಾಲು ಮುರಿದುಕೊಂಡು, ಪ್ರಾಣಿಗಳ ಆಶ್ರಯಧಾಮವೊಂದರಲ್ಲಿ ಒಂದೂವರೆ ವರ್ಷ ಕಳೆದಿದ್ದ ಹೆಣ್ಣು ನಾಯಿ ಅದು. ದತ್ತು ಪತ್ರಕ್ಕೆ ಸಹಿ ಹಾಕಿದವನು ನಾನು, ಹೆಸರಿಟ್ಟವನೂ ನಾನೇ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವನ್ನು ಅನೇಕರು ನೋಡಿರಬಹುದು. ಗಂಗರ ಬೂತುಗನಿಂದ ಮಣಲೆರನು ಬೇಡಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ಹತ್ತನೆಯ ಶತಮಾನದ ಆ ಕಲ್ಲು ಸ್ಮರಿಸುತ್ತದೆ. ಅದೂ ಒಡೆಯನನ್ನು ಬದಲಿಸಿದ ನಾಯಿಯೇ. ನಮ್ಮ ಕಾಳಿಗೆ ಮಾತ್ರ ಕಾಡುಹಂದಿಯ ಅಗತ್ಯವಿರಲಿಲ್ಲ. ಅಡುಗೆಮನೆಯ ಮಿಕ್ಸಿಯ ಸದ್ದಿಗೇ ದಿವಾನದ ಕೆಳಗೆ ಸೇರಿಬಿಟ್ಟಿತು.

ಮೊದಲ ವಾರ ನಾವು ಮಾಡದ ತಪ್ಪಿಲ್ಲ. ಬಂದ ಮರುದಿನವೇ ಸ್ನಾನ ಮಾಡಿಸಿದೆವು. ನೆಂಟರೂ ನೆರೆಯವರೂ ಮದುಮಗಳನ್ನು ನೋಡುವಂತೆ ಬಂದು, ಬಗ್ಗಿ ಬಗ್ಗಿ ನೋಡಿ ಹೋದರು. ಒಂದು ದಿನ ಹಾಲನ್ನ, ಒಂದು ದಿನ ಮೊಸರನ್ನ, ಮತ್ತೊಂದು ದಿನ ಅಂಗಡಿಯ ಪೊಟ್ಟಣದ ಆಹಾರ. ಒಂಬತ್ತನೆಯ ದಿನ ಏಳು ವರ್ಷದ ಮೊಮ್ಮಗ ಬಿಸ್ಕತ್ತು ಹಿಡಿದು ದಿವಾನದ ಕೆಳಗೆ ತೆವಳಿದ. ಕಾಳಿ ಗುರುಗುಟ್ಟಿತು. ಮಗುವಿಗೆ ಅರ್ಥವಾಗಲಿಲ್ಲ. ಹಲ್ಲು ಅವನ ಮಣಿಕಟ್ಟನ್ನು ತರಚಿತು.

ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಓಡಿದೆವು. ನಾಯಿಗೆ ಲಸಿಕೆಯಾಗಿತ್ತು, ಆದರೂ ವೈದ್ಯರ ಸಲಹೆಯಂತೆ ಮಗುವಿಗೆ ರೇಬೀಸ್ ನಿರೋಧಕ ಚುಚ್ಚುಮದ್ದನ್ನು ಒಂದೂ ಬಿಡದೆ ಕೊಡಿಸಿದೆವು. ಈ ವಿಷಯದಲ್ಲಿ ಸಂಕೋಚ, ಉದಾಸೀನ ಎರಡೂ ಸಲ್ಲವು.

ಆ ರಾತ್ರಿ ಸೊಸೆ ಕೇಳಿದಳು, “ಮಾವ, ನಿಮ್ಮ ಪುಣ್ಯಕ್ಕೆ ನನ್ನ ಮಗ ಬೆಲೆ ತೆರಬೇಕೆ?” ನನ್ನಲ್ಲಿ ಉತ್ತರವಿರಲಿಲ್ಲ. ಆಶ್ರಯಧಾಮಕ್ಕೆ ಪತ್ರ ಬರೆಯಲು ಕುಳಿತೆ. ಕಡತ ಮುಚ್ಚುವುದು ನನಗೆ ರೂಢಿಯಾದ ಕೆಲಸ. “ಸದರಿ ನಾಯಿಯು ಮನೆಗೆ ಹೊಂದಿಕೊಳ್ಳದ ಕಾರಣ” ಎಂದು ಬರೆದಲ್ಲಿ ಲೇಖನಿ ನಿಂತಿತು. ಮೈಸೂರಿನ ಕಡೆಯವನಾದ ನಾನು ಸೇವೆಯ ಆರಂಭದಲ್ಲಿ ಬೀದರ್ ಜಿಲ್ಲೆಯ ಔರಾದಿಗೆ ವರ್ಗವಾಗಿ ಹೋದಾಗ, ತಿಂಗಳೊಪ್ಪತ್ತು ಬಾಗಿಲು ಹಾಕಿಕೊಂಡೇ ಕುಳಿತಿದ್ದವನು. ಊರು ಹೊಸದು, ಮಾತಿನ ಧಾಟಿ ಹೊಸದು, ಊಟ ಹೊಸದು. ಕಚೇರಿಯ ವೃದ್ಧ ಜವಾನನೊಬ್ಬ ಏನನ್ನೂ ಕೇಳದೆ, ಪ್ರತಿದಿನ ನಾಲ್ಕು ಗಂಟೆಗೆ ಸರಿಯಾಗಿ ಮೇಜಿನ ಮೇಲೆ ಚಹಾ ಇಟ್ಟು ಹೋಗುತ್ತಿದ್ದ. ನಾನು ಆ ಊರಿನವನಾದದ್ದು ಆ ನಾಲ್ಕು ಗಂಟೆಯಿಂದ. ಕಾಳಿಗೆ ನಾವು ಕೊಟ್ಟದ್ದು ಕೇವಲ ಒಂಬತ್ತು ದಿನ, ಅದೂ ಗಲಾಟೆಯ ದಿನಗಳು.

ಮರುದಿನ ಪಶುವೈದ್ಯರು ಹೇಳಿದ್ದು ಸರಳವಾಗಿತ್ತು. ಹೊಸ ಮನೆಯಲ್ಲಿ ಭಯ ಇಳಿಯಲು ಮೂರು ದಿನ, ದಿನಚರಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎನಿಸಲು ಮೂರು ತಿಂಗಳು. ಇದು ಅಂದಾಜಿನ ಲೆಕ್ಕ. ಹೆದರಿದ ನಾಯಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಗುರುಗುಟ್ಟುವುದು ಉದ್ಧಟತನವಲ್ಲ, ಮುನ್ಸೂಚನೆ. ಅದಕ್ಕಾಗಿ ಹೊಡೆದರೆ ಮುಂದಿನ ಸಲ ಸೂಚನೆಯಿಲ್ಲದೆಯೇ ಕಚ್ಚೀತು.

ಸೊಸೆ ಮೂರು ತಿಂಗಳಿಗೆ ಒಪ್ಪಿದಳು, ತನ್ನ ಷರತ್ತುಗಳೊಂದಿಗೆ. ಹಿರಿಯರಿಲ್ಲದೆ ಮಗು ಮತ್ತು ನಾಯಿ ಒಂದೇ ಕೋಣೆಯಲ್ಲಿ ಇರಕೂಡದು. ಉಣ್ಣುವಾಗ, ಮಲಗಿರುವಾಗ ಯಾರೂ ಮುಟ್ಟಕೂಡದು. ಮಹಡಿ ಮೆಟ್ಟಿಲ ಕೆಳಗೆ ಹಳೆಯ ಜಮಖಾನ ಹಾಸಿ, ಅಲ್ಲಿಗೆ ಯಾರೂ ಕೈಚಾಚದಂತೆ ಮಾಡಿದೆವು. ಆಶ್ರಯಧಾಮದ ಆಹಾರವನ್ನೇ ತರಿಸಿ, ಒಂದು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಮನೆಯದನ್ನು ಬೆರೆಸಿದೆವು. ಈರುಳ್ಳಿ ನಾಯಿಗೆ ವಿಷವೆಂದು ತಿಳಿದ ಮೇಲೆ ಹುಳಿಯನ್ನ ನಿಂತಿತು. ಒಂದೇ ಹೊತ್ತಿಗೆ ಊಟ, ಒಂದೇ ಹಾದಿಯಲ್ಲಿ ವಿಹಾರ, ಕೈಯಲ್ಲಿ ಸದಾ ಹಗ್ಗ.

ಇಪ್ಪತ್ತೆರಡನೆಯ ದಿನ ಪತ್ರಿಕೆ ಓದುತ್ತಿದ್ದ ನನ್ನ ಕುರ್ಚಿಯ ಪಕ್ಕ ತಾನಾಗಿ ಬಂದು ಕುಳಿತಿತು. ನಾನು ಮುಟ್ಟಲಿಲ್ಲ. ದೀಪಾವಳಿಗೆ ಕಿಟಕಿ ಮುಚ್ಚಿ, ರೇಡಿಯೊ ಹಚ್ಚಿ, ಮೆಟ್ಟಿಲ ಮೂಲೆಗೆ ಪರದೆ ಕಟ್ಟಿದೆವು. ಮೊಮ್ಮಗ ಪಟಾಕಿ ಬೇಡವೆಂದು, ಎರಡು ಮಾರು ದೂರದಲ್ಲಿ ಕುಳಿತು ಗಟ್ಟಿಯಾಗಿ ಮಗ್ಗಿ ಹೇಳತೊಡಗಿದ. ಅವನ ತಾಯಿ ಪಕ್ಕದಲ್ಲೇ ಇದ್ದಳು. ಹದಿಮೂರರ ಮಗ್ಗಿಯ ಹೊತ್ತಿಗೆ ಪರದೆಯಾಚೆಯಿಂದ ಒಂದು ಮೂತಿ ಇಣುಕಿತು.

ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶವು, ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ನಾಯಿಯನ್ನು ದತ್ತು ಪಡೆಯಬಹುದೆಂದಿತು. ಅದು ಮರಳಿ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅರ್ಜಿದಾರನದೇ ಎಂದೂ ಹೇಳಿತು. ದತ್ತು ಒಂದರಿಂದಲೇ ಬೀದಿನಾಯಿಗಳ ಸಮಸ್ಯೆ ನೀಗದು. 2023ರ ನಿಯಮಗಳ ಪ್ರಕಾರ ಸಂತಾನಹರಣ ಚಿಕಿತ್ಸೆಯೂ ಲಸಿಕೆಯೂ ಎಡೆಬಿಡದೆ ನಡೆಯಲೇಬೇಕು. ದಿನವಿಡೀ ಬೀಗ ಹಾಕಿರುವ ಮನೆಗೆ ದತ್ತು ತಕ್ಕುದೂ ಅಲ್ಲ. ಆದರೆ ಕೊಡುವವರು ಅರ್ಜಿಯೊಂದಿಗೆ ಒಂದು ಪುಟದ ಸೂಚನೆಗಳನ್ನು ಕೊಟ್ಟು, ಮೂರು ವಾರದ ನಂತರ ಒಮ್ಮೆ ದೂರವಾಣಿಯಲ್ಲಿ ವಿಚಾರಿಸಿದರೆ ತಗಲುವ ವೆಚ್ಚ ಅತ್ಯಲ್ಪ. ಹಿಂದಿರುಗಿ ಬಂದ ನಾಯಿಯನ್ನು ಮತ್ತೆ ಸಾಕುವ ವೆಚ್ಚವೇ ಅದಕ್ಕಿಂತ ಬಹಳ ದೊಡ್ಡದು. ಅದರ ಎದೆಯಲ್ಲಿ ಇಮ್ಮಡಿಯಾದ ಭಯವನ್ನು ಅರ್ಥಶಾಸ್ತ್ರದ ಯಾವ ಲೆಕ್ಕಕ್ಕೂ ಸೇರಿಸಲಾಗದು.

ಸಹಿಯೊಂದಿಗೆ ಕೆಲಸ ಮುಗಿಯುತ್ತದೆಂದು ಸೇವಾವಧಿಯುದ್ದಕ್ಕೂ ನಂಬಿದ್ದೆ. ಕಾಳಿಯ ವಿಷಯದಲ್ಲಿ ಅದು ಸಹಿ ಹಾಕಿದ ಮರುದಿನ ಆರಂಭವಾಯಿತು. ಗಂಟೆ ಆರಾಗುತ್ತಿದೆ. ಅದರ ಊಟದ ಹೊತ್ತು ತಪ್ಪಬಾರದು, ಇಲ್ಲಿಗೆ ನಿಲ್ಲಿಸುತ್ತೇನೆ.