ಮುಂಜಾನೆಯ ಬಿಗಿತ

ಹಾಸಿಗೆಯಿಂದೇಳುವುದನ್ನು ನಾವು ಯಾರೂ ಒಂದು ಕೆಲಸವೆಂದು ಎಣಿಸುವುದಿಲ್ಲ. ಹೊದಿಕೆಯನ್ನು ಸರಿಸಿ, ನಲ್ಲಿಯನ್ನು ತಿರುಗಿಸಿ, ಮುಖ ತೊಳೆದು, ಅಂಗಿಯ ಗುಂಡಿಗಳನ್ನು ಹಾಕಿಕೊಳ್ಳುವಷ್ಟರಲ್ಲಿ ಒಂದೊಂದು ಕೈಯ ಬೆರಳುಗಳಲ್ಲಿರುವ 14 ಕೀಲುಗಳು ಎಷ್ಟೋ ಸಲ ಮಡಿಸಿ ಬಿಚ್ಚಿರುತ್ತವೆ. ನಮಗೆ ಅದರ ಅರಿವೇ ಇರದು.

ಈ ಕೀಲುಗಳು ಒಂದು ಮುಂಜಾನೆ ಮಾತು ಕೇಳದೆ ಹೋದರೆ? ಹಾಲು ಉಕ್ಕುತ್ತಿದೆ, ಆದರೆ ಇಕ್ಕಳವನ್ನು ಬಿಗಿಯಾಗಿ ಹಿಡಿಯಲು ಬೆರಳುಗಳು ಮಡಿಸುವುದಿಲ್ಲ. ಜಡೆ ಹೆಣೆದುಕೊಳ್ಳಲು ಕೈ ಮೇಲೇಳುವುದಿಲ್ಲ. ಒದ್ದೆ ಬಟ್ಟೆಯನ್ನು ಹಿಂಡುವುದಂತೂ ದೂರದ ಮಾತು. ವಿಚಿತ್ರವೆಂದರೆ, ಹತ್ತು ಗಂಟೆಯ ವೇಳೆಗೆ ಅದೇ ಕೈಗಳು ಒಂದಿಷ್ಟು ಸಡಿಲಗೊಂಡು ತಕ್ಕಮಟ್ಟಿಗೆ ಕೆಲಸ ಮಾಡತೊಡಗುತ್ತವೆ. 'ಬೆಳಗಿನ ಕೆಲಸದ ಹೊತ್ತಿಗೆ ಮಾತ್ರ ಬರುವ ನೋವು' ಎಂದು ಮನೆಯವರು ಆಡಿಕೊಳ್ಳುವುದೂ ಉಂಟು. ಆಡಿಕೊಳ್ಳುವವರಿಗೆ ತಿಳಿಯದ ಸಂಗತಿಯೆಂದರೆ, ಒಂದು ಗಂಟೆಗೂ ಮೀರಿ ನಿಲ್ಲುವ ಈ ಮುಂಜಾನೆಯ ಬಿಗಿತ ರುಮಟಾಯಿಡ್ ಆರ್ಥ್ರೈಟಿಸ್ ಎಂಬ ದೀರ್ಘಕಾಲದ ಕೀಲುರೋಗದ ಮುಖ್ಯ ಕುರುಹುಗಳಲ್ಲೊಂದು.

ನಮ್ಮಲ್ಲಿ ಕೀಲುನೋವುಗಳಿಗೆಲ್ಲ 'ವಾತ' ಎಂಬ ಒಂದೇ ಹೆಸರು ಸಲ್ಲುತ್ತ ಬಂದಿದೆ. ಇದರಿಂದಾದ ಗೊಂದಲ ಕಡಿಮೆಯದಲ್ಲ. ಮುಪ್ಪಿನಲ್ಲಿ ಮಂಡಿ ಸವೆದು ಬರುವ ನೋವೇ ಬೇರೆ. ಅದರ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ನಡೆದಷ್ಟೂ ನೋವು ಹೆಚ್ಚುತ್ತದೆ. ರುಮಟಾಯಿಡ್ ಕಾಯಿಲೆಯ ನಡತೆ ಇದಕ್ಕೆ ವಿರುದ್ಧವಾದುದು: ಸುಮ್ಮನಿದ್ದಷ್ಟೂ ಬಿಗಿತ, ಅಲುಗಾಡಿದಂತೆ ಸಡಿಲ. 1859ರಲ್ಲಿ ಇದಕ್ಕೆ ಪ್ರತ್ಯೇಕವಾದ ಹೆಸರಿಟ್ಟವನು ಆಲ್‌ಫ್ರೆಡ್ ಬೇರಿಂಗ್ ಗ್ಯಾರಡ್ ಎಂಬ ಇಂಗ್ಲಿಷ್ ವೈದ್ಯ. ಸ್ಥೂಲವಾಗಿ ಹೇಳುವುದಾದರೆ ಸಾವಿರ ವಯಸ್ಕರಲ್ಲಿ 5ರಿಂದ 10 ಮಂದಿಗೆ ಇದು ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುದುಕರ ರೋಗವೆಂದು ಯಾರೂ ಭಾವಿಸಬೇಕಾಗಿಲ್ಲ. ಕಾಲೇಜು ವಯಸ್ಸಿನಲ್ಲಿ ಆರಂಭವಾಗುವುದೂ ಉಂಟು.

ಕೀಲಿನೊಳಗೆ ನಡೆಯುವುದೇನು? ಎರಡು ಎಲುಬುಗಳು ಸಂಧಿಸುವೆಡೆಯಲ್ಲಿ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಸುತ್ತಲೂ ಒಂದು ಚೀಲ. ಆ ಚೀಲದ ಒಳಮೈಗೆ ಒಂದೆರಡು ಜೀವಕೋಶಗಳಷ್ಟೇ ದಪ್ಪದ ತೆಳುಪೊರೆ. ಕೀಲಿಗೆ ಎಣ್ಣೆಯಂತೆ ಒದಗುವ ದ್ರವವನ್ನು ಒಸರಿಸುವುದು ಈ ಪೊರೆಯ ಕೆಲಸ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಈ ಕಾಯಿಲೆಯಲ್ಲಿ ದಾರಿ ತಪ್ಪಿ ತನ್ನ ಮನೆಯನ್ನೇ ಮುತ್ತುತ್ತದೆ. ಬಿಳಿಯ ರಕ್ತಕಣಗಳು ಪೊರೆಯೊಳಗೆ ನುಗ್ಗುತ್ತವೆ. ಪೊರೆ ಉಬ್ಬಿ ದಪ್ಪವಾಗುತ್ತದೆ. ತಡೆಯುವವರಿಲ್ಲದಿದ್ದರೆ ಮೃದ್ವಸ್ಥಿಯ ಮೇಲೆ ಹಬ್ಬಿ ಎಲುಬಿನ ಅಂಚನ್ನೇ ಕೊರೆಯುತ್ತದೆ. ಈ ಕೊರೆತ ಮೊದಲೆರಡು ವರ್ಷಗಳಲ್ಲಿಯೇ ಆರಂಭವಾಗಬಹುದು. ಪೊರೆಯ ಬಾವನ್ನು ಇಳಿಸಬಹುದು, ಕೊರೆದುಹೋದ ಎಲುಬನ್ನು ಮೊದಲಿನಂತೆ ಮಾಡುವುದು ಕಷ್ಟ.

ಆದರೆ ಮುಂಜಾನೆಯೇ ಏಕೆ? ರಕ್ಷಣಾ ವ್ಯವಸ್ಥೆಯ ಕಣಗಳು ಒಂದಕ್ಕೊಂದು ಸಂದೇಶ ಕಳುಹಿಸುವುದು ಸೈಟೊಕೈನ್‌ಗಳೆಂಬ ಪ್ರೋಟೀನುಗಳ ಮೂಲಕ. ಇವುಗಳಲ್ಲೊಂದಾದ ಇಂಟರ್‌ಲ್ಯೂಕಿನ್-6 ಈ ರೋಗಿಗಳ ರಕ್ತದಲ್ಲಿ ನಡುರಾತ್ರಿ ಕಳೆದ ಮೇಲೆ ಏರತೊಡಗಿ ಮುಂಜಾನೆಯ ಹೊತ್ತಿಗೆ ಶಿಖರ ಮುಟ್ಟುತ್ತದೆ. ಉರಿಯೂತವನ್ನು ಹತೋಟಿಯಲ್ಲಿಡುವ ಕಾರ್ಟಿಸಾಲ್ ಎಂಬ ರಸವನ್ನು ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸುರಿಸುತ್ತವೆ. ಅದೂ ಬೆಳಗಿನ ಜಾವದಲ್ಲೇ ಏರುತ್ತದೆ, ನಿಜ. ಆದರೆ ಆ ಉರಿಗೆ ಅದು ಸಾಲದು. ಗುಡಿಸಲಿಗೆ ಹತ್ತಿದ ಬೆಂಕಿಗೆ ಒಂದು ಕೊಡ ನೀರು ಹೊತ್ತು ತಂದಂತೆ. ಸಾಲದುದಕ್ಕೆ, ರಾತ್ರಿಯೆಲ್ಲ ಅಲುಗಾಡದ ಬಾತ ಕೀಲಿನ ಸುತ್ತ ನೀರು ತುಂಬಿಕೊಳ್ಳುತ್ತದೆ. ಓಡಾಡತೊಡಗಿದ ಮೇಲೆ ಸ್ನಾಯುಗಳು ಅದನ್ನು ಒತ್ತಿ ಹೊರದೂಡಬೇಕು. ಆದಕಾರಣವೇ ಎರಡು ಗಂಟೆ ಬಸ್ಸಿನಲ್ಲಿ ಕುಳಿತೆದ್ದ ರೋಗಿಗೆ ನಡುಹಗಲಿನಲ್ಲೂ ಒಂದು ಚಿಕ್ಕ ಮುಂಜಾನೆ ಬರುವುದು.

ಅಡ್ರಿನಲ್ ರಸದ ಮಹತ್ತ್ವ ತಿಳಿದುಬಂದ ಕಥೆ ಸ್ವಾರಸ್ಯವಾದುದು. 1929ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬ ಡಾಕ್ಟರ್ ಫಿಲಿಪ್ ಹೆಂಚ್‌ಗೆ ಒಂದು ಸುದ್ದಿ ಹೇಳಿದ: ತನಗೆ ಕಾಮಾಲೆಯಾದೊಡನೆ ಕೀಲುನೋವು ಮಾಯವಾಯಿತು! ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರೇನೊ. ಹೆಂಚ್ ಬಿಡಲಿಲ್ಲ, ಗರ್ಭಿಣಿಯರಲ್ಲಿಯೂ ಇಂಥದೇ ಉಪಶಮನವನ್ನು ಕಂಡು, ದೇಹವೇ ಯಾವುದೋ ಔಷಧವನ್ನು ತಯಾರಿಸುತ್ತಿರಬೇಕೆಂದು ಊಹಿಸಿದ. ಅವನ ಸಹೋದ್ಯೋಗಿ ಎಡ್ವರ್ಡ್ ಕೆಂಡಾಲ್ ಅಡ್ರಿನಲ್ ಗ್ರಂಥಿಯಿಂದ ಬೇರ್ಪಡಿಸಿದ್ದ ವಸ್ತುವೊಂದನ್ನು 1948ರ ಸೆಪ್ಟೆಂಬರ್ 21ರಂದು, ಹಾಸಿಗೆಯಿಂದೇಳುವುದೇ ಕಷ್ಟವಾಗಿದ್ದ 29 ವರ್ಷದ ಹೆಣ್ಣುಮಗಳೊಬ್ಬಳಿಗೆ ಚುಚ್ಚಿದರು. ಒಂದು ವಾರದಲ್ಲಿ ಆಕೆ ಪೇಟೆಗೆ ಹೋಗಿ ಅಂಗಡಿಗಳನ್ನು ಸುತ್ತಿ ಬಂದಳು. ಅದೇ ಕಾರ್ಟಿಸೋನ್. 1950ರಲ್ಲಿ ಅವರಿಬ್ಬರೂ ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್‌ನೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಸಂತೋಷ ಬಹಳ ಕಾಲ ನಿಲ್ಲಲಿಲ್ಲ. ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಕೊಟ್ಟರೆ ಮುಖ ಊದಿತು, ಎಲುಬು ಬಡವಾಯಿತು. ಇಂದು ಈ ಜಾತಿಯ ಮದ್ದನ್ನು ಮಿತವಾಗಿ, ಆದಷ್ಟು ಕಡಿಮೆ ದಿನ ಕೊಡುತ್ತಾರೆ. ರಾತ್ರಿ ನುಂಗಿದರೆ ಸುಮಾರು ಎರಡು ಗಂಟೆಯ ಹೊತ್ತಿಗೆ ಹೊಟ್ಟೆಯೊಳಗೆ ಬಿಚ್ಚಿಕೊಳ್ಳುವ ಗುಳಿಗೆಯೊಂದು ಬಿಗಿತವನ್ನು ಇನ್ನಷ್ಟು ತಗ್ಗಿಸುವುದೆಂದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಉರಿ ಏಳುವ ಮೊದಲೇ ನೀರು ಸಿದ್ಧ!

ಇಂದಿನ ಚಿಕಿತ್ಸೆಯ ಆಧಾರಸ್ತಂಭ ಮೆಥೊಟ್ರೆಕ್ಸೇಟ್. ಇದರ ಹುಟ್ಟಿನಲ್ಲಿ ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪಾತ್ರವಿದೆ. ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನೂ ಅದರ ವಿರೋಧಿಗಳನ್ನೂ ತಯಾರಿಸಿತು. ಮೊದಲು ಕ್ಯಾನ್ಸರಿಗೆ ಬಳಸಿದ ಈ ಮದ್ದು ಅಲ್ಪ ಪ್ರಮಾಣದಲ್ಲಿ ಕೀಲುಗಳನ್ನು ಕಾಯುವುದೆಂದು 1980ರ ದಶಕದ ಪ್ರಯೋಗಗಳಿಂದ ದೃಢವಾಯಿತು. ಇದನ್ನು ಸೇವಿಸುವುದು ವಾರಕ್ಕೊಮ್ಮೆ ಮಾತ್ರ. ಮರೆತು ದಿನವೂ ನುಂಗಿದವರು ಪ್ರಾಣಕ್ಕೇ ಎರವಾದುದುಂಟು. ಆದುದರಿಂದ ಅನೇಕ ಮನೆಗಳಲ್ಲಿ ಆ ವಾರದ ಹೆಸರನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿರುತ್ತಾರೆ. ಇದೂ ಸಾಲದಾದಾಗ ಸೈಟೊಕೈನ್‌ಗಳನ್ನೇ ತಡೆಗಟ್ಟುವ ಹೊಸ ಮದ್ದುಗಳಿವೆ, ಬೆಲೆ ಮಾತ್ರ ಹೆಚ್ಚು.

ಮದ್ದು ಹಿಡಿಯುವುದಕ್ಕೆ ವಾರಗಳು ಬೇಕು. ಅಲ್ಲಿಯವರೆಗೂ, ಆಮೇಲೂ, ದಿನಗಳನ್ನು ಕಳೆಯಬೇಕಷ್ಟೆ. ಅನುಭವಸ್ಥರು ಎದ್ದೊಡನೆ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿ ಬೆರಳುಗಳನ್ನು ಮೆಲ್ಲನೆ ಆಡಿಸುತ್ತಾರೆ. ತಂಬಿಗೆಯನ್ನು ಬೆರಳಿನಿಂದಲ್ಲದೆ ಎರಡೂ ಅಂಗೈಗಳಿಂದ ಎತ್ತುತ್ತಾರೆ. ಕೈಚೀಲವನ್ನು ಮುಂಗೈಗೆ ನೇತುಹಾಕುತ್ತಾರೆ, ಲೇಖನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳುತ್ತಾರೆ. ಬಟ್ಟೆಯನ್ನು ಹಿಂಡುವ ಬದಲು ಒತ್ತುತ್ತಾರೆ. ಫ್ರಾನ್ಸಿನ ಚಿತ್ರಕಾರ ರೆನ್ವಾರ್ (1841–1919) ಕೊನೆಯ ಸುಮಾರು 25 ವರ್ಷ ಈ ಕಾಯಿಲೆಯೊಡನೆ ಬಾಳಿದ. ಅವನ ಕೈಗೆ ಕುಂಚವನ್ನು ಕಟ್ಟುತ್ತಿದ್ದರೆಂಬ ಮಾತು ಪ್ರಚಾರದಲ್ಲಿದೆ, ಅದು ಸರಿಯಲ್ಲ. ಮುದುಡಿದ ಬೆರಳುಗಳ ಉಗುರು ಅಂಗೈಯ ಚರ್ಮವನ್ನು ಕೆಡಿಸದಿರಲೆಂದು ಬಟ್ಟೆ ಸುತ್ತುತ್ತಿದ್ದರು. ಕುಂಚವನ್ನು ಮನೆಯವರು ಬೆರಳುಗಳ ನಡುವೆ ಇಡುತ್ತಿದ್ದರು, ಹಿಡಿಯುತ್ತಿದ್ದವನು ಅವನೇ. ಅವನ ಕಾಲದಲ್ಲಿ ಎಲುಬಿನ ಕೊರೆತವನ್ನು ತಡೆಯುವ ಮದ್ದಿರಲಿಲ್ಲ.

ಈಗ ಇದೆ, ಆದರೆ ಅದು ಬೇಗ ದೊರೆಯಬೇಕು. ತೊಡಕಿರುವುದು ಇಲ್ಲಿಯೇ. ಮೊದಲ ತಿಂಗಳುಗಳಲ್ಲಿ ಕ್ಷಕಿರಣದ ಚಿತ್ರ ನಿರ್ಮಲವಾಗಿರಬಹುದು. ರಕ್ತಪರೀಕ್ಷೆಯೂ ಕೆಲವರಲ್ಲಿ ಏನನ್ನೂ ತೋರಿಸದು. ಮೇಲಾಗಿ ರೋಗಿ ಆಸ್ಪತ್ರೆಯ ಸಾಲಿನಲ್ಲಿ ಕಾದು ವೈದ್ಯರ ಮುಂದೆ ಕೂರುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ಕೈಗಳು ಆಗಲೇ ಸಡಿಲಗೊಂಡಿವೆ. 'ಎದ್ದ ಮೇಲೆ ಕೈ ಹದಕ್ಕೆ ಬರಲು ಎಷ್ಟು ಹೊತ್ತು ಬೇಕಮ್ಮ?' ಎಂದು ವೈದ್ಯರು ಕೇಳಿದರೆ, ಅನೇಕರು 'ತುಂಬಾ ನೋವು ಸ್ವಾಮಿ' ಎಂದಷ್ಟೇ ಹೇಳಿಬಿಡುತ್ತಾರೆ. ವೈದ್ಯರಿಗೆ ಬೇಕಾದುದು ನಿಮಿಷಗಳ ಲೆಕ್ಕ. ಆರು ಗಂಟೆಗೆ ಎದ್ದದ್ದು, ಎಂಟೂಕಾಲಿಗೆ ಜಡೆ ಹಾಕಿಕೊಳ್ಳಲಾದದ್ದು – ಮನೆಯ ಮಕ್ಕಳು ನೋಟುಪುಸ್ತಕದ ಹಾಳೆಯಲ್ಲಿ ಒಂದು ವಾರ ಇಷ್ಟನ್ನು ಬರೆದುಕೊಟ್ಟರೆ, ಆ ಹಾಳೆಯನ್ನು ಅವರು ಆಸಕ್ತಿಯಿಂದ ಓದುವರು.