ದೇವರಿಗೆ ಹೊತ್ತು ಎಲ್ಲಿ?

ಅವೆನ್ಯೂ ರಸ್ತೆಯ ಪುಸ್ತಕದಂಗಡಿ, ತಳ್ಳುಗಾಡಿ, ಸ್ಕೂಟರುಗಳ ಗದ್ದಲದ ನಡುವೆ ರೈಸ್ ಸ್ಮಾರಕ ದೇವಾಲಯವಿದೆ. ಶಾಸನ ಸಂಪಾದಕ ಬಿ.ಎಲ್. ರೈಸರ ತಂದೆ, ಲಂಡನ್ ಮಿಷನ್ನಿನ ಬೆಂಜಮಿನ್ ಹೋಲ್ಟ್ ರೈಸರ ಹೆಸರು ಅದಕ್ಕೆ. ಅಲ್ಲಿಂದ ತುಸು ದೂರ, ಕಾರ್ಪೊರೇಷನ್ ವೃತ್ತದ ಬಳಿ, 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯ. ಅದು ವೆಸ್ಲಿಯನ್ ಮಿಷನ್ನಿನದು. 1947ರಲ್ಲಿ ಈ ಎರಡೂ ಪರಂಪರೆಗಳು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಎರಡೂ ಕನ್ನಡ ಆರಾಧನೆಗೆ ಹೆಸರಾದವು.

ಆದರೆ ಭಾನುವಾರ ವಾರಕ್ಕೆ ಒಂದೇ. ಬೆಳಿಗ್ಗೆ ನೀರು ಹಿಡಿದು, ಮಕ್ಕಳ ಡಬ್ಬಿ ಕಟ್ಟಿ, ಬಸ್ಸಿಗೆ ಓಡುವ ಕ್ರೈಸ್ತ ಗೃಹಿಣಿ ಉಳಿದ ಆರು ದಿನ ಪ್ರಾರ್ಥನೆಗೆ ಹೊತ್ತನ್ನು ಎಲ್ಲಿಂದ ತರಬೇಕು?

ಬಸವನಗುಡಿಯ ಹಿರಿಯರಿಗೆ ತ್ರಿಕಾಲ ಸಂಧ್ಯೆ ಗೊತ್ತು. ಕ್ರೈಸ್ತರಲ್ಲೂ ಅಂಥದೊಂದು ಲೆಕ್ಕವಿದೆ. ಬೈಬಲಿನ ದಾನಿಯೇಲ ದಿನಕ್ಕೆ ಮೂರು ಸಲ ಯೆರೂಸಲೇಮಿನ ಕಡೆಯ ಕಿಟಕಿ ತೆರೆದು ಮೊಣಕಾಲೂರುತ್ತಿದ್ದ. ರಾಜಾಜ್ಞೆ ಅದನ್ನು ತಡೆದಾಗಲೂ ಬಿಡಲಿಲ್ಲ. ಅದಕ್ಕಾಗಿ ಸಿಂಹದ ಗವಿಗೆ ಬಿದ್ದ. ಮುಂದೆ ಮಠಗಳ ಸನ್ಯಾಸಿಗಳು ಇಡೀ ದಿನವನ್ನೇ ಪ್ರಾರ್ಥನೆಯ ಯಾಮಗಳಾಗಿ ಹಂಚಿಕೊಂಡರು. ಹೊಲದಲ್ಲಿ ದುಡಿಯುವವನಿಗೆ ಅದು ಸಾಧ್ಯವೇ? ಅವನಿಗಾಗಿ ಬಂದದ್ದು ಕಥೋಲಿಕರ ಏಂಜಲಸ್. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಗಂಟೆ ಬಾರಿಸಿದಾಗ ಕೆಲಸ ನಿಲ್ಲಿಸಿ ಹೇಳುವ ಕಿರು ಜಪ. ಪ್ರಾಟೆಸ್ಟಂಟರು ಗಂಟೆಗಿಂತ ಮನೆಗೆ ಒತ್ತುಕೊಟ್ಟರು. ರಾತ್ರಿ ಎಲ್ಲರೂ ಕೂಡಿ ಸತ್ಯವೇದ ಓದುವ ಕುಟುಂಬ ಪ್ರಾರ್ಥನೆ ಬೆಳೆದದ್ದು ಹೀಗೆ.

ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಯೇಸು ಹೇಳಿದರು. ಒಂದೇ ಕೋಣೆಯ ವಠಾರದ ಮನೆಯವರು ಏನು ಮಾಡಬೇಕು? ವೆಸ್ಲಿಯನ್ ಪಂಥಕ್ಕೆ ಹೆಸರು ಕೊಟ್ಟ ಜಾನ್ ವೆಸ್ಲಿಯ ತಾಯಿ ಸುಸಾನಾ ಹೆತ್ತದ್ದು 19 ಮಕ್ಕಳನ್ನು. ಆಕೆ ಅಡುಗೆಯ ಮೇಲಂಗಿಯನ್ನೇ ತಲೆಯ ಮೇಲೆಳೆದುಕೊಂಡು ಕೂರುತ್ತಿದ್ದಳು, ಆಗ ತನ್ನನ್ನು ಮಾತಾಡಿಸಬಾರದೆಂದು ಮಕ್ಕಳು ಅರಿತಿದ್ದರು ಎಂಬ ಕಥೆ ಪ್ರಸಿದ್ಧ. ನಮ್ಮಲ್ಲಿ ಅದಕ್ಕೆ ಸೆರಗು ಸಾಕು. ಪ್ಯಾರಿಸಿನ ಮಠವೊಂದರ ಅಡುಗೆಯವನಾಗಿದ್ದು, 1691ರಲ್ಲಿ ತೀರಿಕೊಂಡ ಬ್ರದರ್ ಲಾರೆನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪಾತ್ರೆಗಳ ಸದ್ದಿನ ನಡುವೆಯೇ ದೇವರ ಸನ್ನಿಧಿ ಉಂಟೆಂದ.

ಹಾಗೆಂದು ಕೆಲಸವೇ ಪ್ರಾರ್ಥನೆಯೆಂದು ಕೈತೊಳೆದುಕೊಳ್ಳುವಂತಿಲ್ಲ. ಲಾರೆನ್ಸನಿಗೂ ಮಠದ ಪ್ರಾರ್ಥನೆಯ ವೇಳೆಗಳಿದ್ದವು. ಗೊತ್ತಾದ ಹೊತ್ತೊಂದು ಇಲ್ಲದಿದ್ದರೆ ಉಳಿದ ಹೊತ್ತೂ ಜಾರಿಹೋಗುತ್ತದೆ ಎಂಬುದೇ ಈ ಪದ್ಧತಿಗಳ ಹಿಂದಿನ ಅನುಭವ. ಕ್ರಿಸ್ತ ಕಲಿಸಿದ ಪ್ರಾರ್ಥನೆ ಹೇಳಲು ಒಂದು ನಿಮಿಷವೂ ಬೇಡ. ಬಸ್ಸಿಗೆ ಕಾಯುವಾಗ ಅದಕ್ಕಿಂತ ಹೆಚ್ಚು ಹೊತ್ತು ನಮ್ಮ ಕೈಯಲ್ಲಿರುತ್ತದೆ.