ಹೇಮಾವತಿ ಪಕ್ಕ ಸೈಕಲ್, ಮಕ್ಕಳ ಸಮೇತ

ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿ ಪಕ್ಕ 300 ಕಿಲೋಮೀಟರಿಗೂ ಹೆಚ್ಚು ಉದ್ದದ ಸೈಕಲ್ ದಾರಿ ಇದೆ. ಸ್ನೇಹಿತರ ಸಂಸಾರಗಳು ಮಕ್ಕಳುಮರಿ ಕಟ್ಟಿಕೊಂಡು ಒಟ್ಟಿಗೆ ಹೊರಡ್ತಾರೆ. ಏರು ಕಡಿಮೆ. ಯಾಕೆ ಗೊತ್ತಾ? ಹಿಂದೆ ಕುದುರೆಗಳು ದಡದಲ್ಲಿ ನಡೆದು ಹಗ್ಗ ಹಾಕಿ ದೋಣಿ ಎಳೀತಿದ್ವು. ಬಹಳ ಕಡೆ ಆ ಕುದುರೆದಾರಿಯೇ ಇವತ್ತಿನ ಸೈಕಲ್ ದಾರಿ.

ಸಕಲೇಶಪುರಕ್ಕೂ ಹೇಮಾವತಿ ಇದ್ದಾಳೆ. ಆದ್ರೆ ಇಲ್ಲಿ ದಡದಲ್ಲಿ ಗದ್ದೆ, ಅದರ ಮೇಲೆ ಕಾಫಿ ತೋಟ. ರಸ್ತೆ ನದಿ ಬಿಟ್ಟು ಗುಡ್ಡ ಹತ್ತುತ್ತೆ, ಇಳಿಯುತ್ತೆ, ಮತ್ತೆ ಹತ್ತುತ್ತೆ. ಗೇರ್ ಇಲ್ಲದ ಸೈಕಲ್ ಆದ್ರೆ ಎರಡನೇ ಏರಿಗೇ "ಅಪ್ಪಾ, ತಳ್ಳು!"

ಶಿರಾಡಿ ಘಾಟಿಯ ಹೆದ್ದಾರಿ 75 ಮಕ್ಕಳಿಗೆ ಬೇಡವೇ ಬೇಡ, ಲಾರಿ ಕಾಟ. ಆಲೂರು ಕಡೆಯ ಒಳರಸ್ತೆ ಹಿಡೀರಿ. ಇನ್ನೂ ಸಮತಟ್ಟು ಬೇಕಾ? ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿಗೆ ಹೋಗಿ. ಮಳೆಗಾಲದಲ್ಲಿ ಅಲ್ಲಿನ ಹಳೇ ಚರ್ಚು ಅರ್ಧ ಮುಳುಗಿರುತ್ತೆ.

ಈಗ ಮುಖ್ಯ ವಿಷಯ, ಕಾಡಾನೆ. ಸಕಲೇಶಪುರ, ಆಲೂರು ತೋಟಗಳಲ್ಲಿ ಆನೆ ಓಡಾಟ ಮಾಮೂಲು. ಸೈಕಲ್‌ನವರಿಗೆ ನಸುಕಿನಲ್ಲೇ ಹೊರಡೋ ಚಟ. ಇಲ್ಲಿ ಅದನ್ನ ಬಿಡಿ. ಬಿಸಿಲು ಚೆನ್ನಾಗಿ ಏರಲಿ, ಅಲ್ಲೀತನಕ ಅಕ್ಕಿರೊಟ್ಟಿ ತಿನ್ನಿ. ತೋಟದ ಕೆಲಸಕ್ಕೆ ಹೊರಟವರನ್ನ ಕೇಳಿ: "ಅಣ್ಣಾ, ಆನೆ ಯಾವ ಕಡೆ ಐತೆ?" ಮ್ಯಾಪಿಗಿಂತ ಅವರ ಮಾತನ್ನೇ ನಂಬಿ. ರಸ್ತೆ ಮೇಲೆ ಹಸಿ ಲದ್ದಿ, ಪಕ್ಕದಲ್ಲಿ ಸೀಳಿ ಬಿಸಾಕಿದ ಬೈನೆ ಮರ ಕಂಡ್ರೆ ಫೋಟೋ ತೆಗೀತಾ ನಿಲ್ಲಬೇಡಿ. ಹ್ಯಾಂಡಲ್ ತಿರುಗಿಸಿ. ಕತ್ತಲಾಗೋ ಮುಂಚೆ ಹೋಮ್‌ಸ್ಟೇ ಸೇರಿ.

ಜೂನ್‌ನಿಂದ ಸೆಪ್ಟೆಂಬರ್? ಇಂಬಳಕ್ಕೆ ರಕ್ತದಾನ ಮಾಡೋ ಮನಸ್ಸಿದ್ರೆ ಬನ್ನಿ.